ಬಾಯಿಯ ಬ್ಯಾಕ್ಟೀರಿಯಾ: ಯಾವುದಕ್ಕೆ ಯಾವ ಮಾಧ್ಯಮ?



1. ಅಗಾರ್: ಕೆಂಪು ಪಾಚಿಯಿಂದ ತಯಾರಿ. ಸೂಚಿಸಿದವರು ಫ್ಯಾನಿ ಹೆಸ್ಸೆ. ಕಾಕ್ ಪ್ರಯೋಗಾಲಯದಲ್ಲಿ ಬಳಕೆ.
2. ರಕ್ತ ಅಗಾರ್: ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ. ವಿರಿಡಾನ್ಸ್ ಸ್ಟ್ರೆಪ್ಟೋಕಾಕೈ ಸುತ್ತ ಹಸಿರು ಛಾಯೆ (ಆಲ್ಫಾ ಹಿಮೊಲಿಸಿಸ್).
3. ಮಿಟಿಸ್ ಸಲಿವೇರಿಯಸ್ ಅಗಾರ್: ಬಾಯಿಯ ಸ್ಟ್ರೆಪ್ಟೋಕಾಕೈಗೆ. ಟೆಲ್ಯುರೈಟ್, ಕ್ರಿಸ್ಟಲ್ ವಯೊಲೆಟ್ ಇತರ ಜೀವಿಗಳನ್ನು ತಡೆಯುತ್ತವೆ.
4. ಎಂಎಸ್‌ಬಿ ಅಗಾರ್ (1973): ಮೇಲಿನದಕ್ಕೆ ಬ್ಯಾಸಿಟ್ರಾಸಿನ್ + 20% ಸುಕ್ರೋಸ್. ಹಲ್ಲುಹುಳುಕಿನ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್‌ಗೆ (ಇದನ್ನು ಮೊದಲು ವಿವರಿಸಿದವರು ಕ್ಲಾರ್ಕ್, 1924).
5. ರೊಗೋಸಾ ಅಗಾರ್: ಲ್ಯಾಕ್ಟೋಬ್ಯಾಸಿಲಸ್‌ಗೆ; ಆಮ್ಲೀಯ, ಪಿಹೆಚ್ ಸುಮಾರು 5.4.
6. ಹೆಮಿನ್, ವಿಟಮಿನ್ ಕೆ ಸೇರಿಸಿದ ರಕ್ತ ಅಗಾರ್: ವಸಡುರೋಗದ ಪಾರ್ಫಿರೊಮೊನಾಸ್ ಜಿಂಜಿವಾಲಿಸ್‌ಗೆ. ಆಮ್ಲಜನಕ ಸಲ್ಲದು, ಕಾಲೊನಿ ಕಪ್ಪು.

ಗೊಂದಲ ಬೇಡ:
- ಅಗಾರ್ ಗಟ್ಟಿ ಮಾಡುತ್ತದೆ, ಪೋಷಿಸುವುದಿಲ್ಲ.
- ಆಯ್ಕೆ ಮಾಧ್ಯಮ ಬೇಡದ್ದನ್ನು ತಡೆಯುತ್ತದೆ. ಭೇದಕ ಮಾಧ್ಯಮ ವ್ಯತ್ಯಾಸ ತೋರಿಸುತ್ತದೆ. ರಕ್ತ ಅಗಾರ್ ಭೇದಕ, ಆಯ್ಕೆಯದಲ್ಲ.
- ಚಾಕೊಲೇಟ್ ಅಗಾರ್‌ನಲ್ಲಿ ಚಾಕೊಲೇಟ್ ಇಲ್ಲ; ಬಿಸಿ ಮಾಡಿದ ರಕ್ತವಿದೆ.
- ಸಾಬೊರೊ ಅಗಾರ್ ಕ್ಯಾಂಡಿಡಾಕ್ಕೆ, ಅದು ಶಿಲೀಂಧ್ರ.

ಹೊಂದಿಸಿ ಬರೆಯುವ ಪ್ರಶ್ನೆಗೆ 4, 5, 6 ಬಾಯಿಪಾಠವಿರಲಿ.