ಹೃದಯ ಶಸ್ತ್ರಚಿಕಿತ್ಸೆಯ ಎಸ್ಟಿಮೇಟ್: ಓದುವ ಕ್ರಮ, ಹಣ ಹೊಂದಿಸುವ ಕ್ರಮ



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ಹೃದಯ ಶಸ್ತ್ರಚಿಕಿತ್ಸೆಯದ್ದೇ ದೊಡ್ಡ ಮೊತ್ತ. ಅರ್ಜಿಯ ಜೊತೆ ಆಸ್ಪತ್ರೆಯ ಒಂದು ಎಸ್ಟಿಮೇಟ್ ಇರುತ್ತದೆ. ಮನೆಯವರು ನೋಡುವುದು ಅದರ ಕೊನೆಯ ಸಾಲನ್ನು. ಅಲ್ಲಿರುವ ಮೊತ್ತ ಕಂಡ ಕೂಡಲೇ ಬಳೆ ಅಡವಿಗೆ ಹೋಗುತ್ತದೆ, ಮಾಲೀಕರ ಹತ್ತಿರ ಮುಂಗಡ ಕೇಳುತ್ತಾರೆ, ಉಳಿದದ್ದಕ್ಕೆ ಸಂಘದ ಬಾಗಿಲಿಗೆ ಬರುತ್ತಾರೆ. ಆ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದುವುದನ್ನೂ, ಯಾರ ಹಣವನ್ನು ಯಾವ ಕ್ರಮದಲ್ಲಿ ಕೇಳಬೇಕು ಎಂಬುದನ್ನೂ ಕಲಿತರೆ ಒಂದು ಕುಟುಂಬದ ಮುಂದಿನ ಹತ್ತು ವರ್ಷ ಉಳಿಯಬಹುದು. ಅದಕ್ಕಾಗಿ ಈ ಪಾಠ.

ಬ್ಯಾಂಕಿನಲ್ಲಿ ಸಾಲದ ಅರ್ಜಿ ಬಂದಾಗ ನಾವು ಎರಡು ಕಾಲಂ ಬರೆಯುತ್ತಿದ್ದೆವು. ಎಡಗಡೆ ಯೋಜನೆಯ ವೆಚ್ಚ, ಬಲಗಡೆ ಹಣದ ಮೂಲ. ಎರಡೂ ಪೂರ್ತಿಯಾಗದೆ ಕಡತ ಮುಂದೆ ಹೋಗುತ್ತಿರಲಿಲ್ಲ. ಇಲ್ಲಿಯೂ ಅದೇ ರೀತಿ ಮಾಡೋಣ.

ಒಂದು ಉದಾಹರಣೆ

ಡೊಂಬಿವಲಿಯಲ್ಲಿರುವ ಒಂದು ಕುಟುಂಬ ಎಂದಿಟ್ಟುಕೊಳ್ಳಿ. ಮೂಲ ಕುಂದಾಪುರದ ಕಡೆ. ಗಂಡ ಹೋಟೆಲಿನಲ್ಲಿ ಕ್ಯಾಶಿಯರ್, ತಿಂಗಳಿಗೆ 24,000 ರೂ. ಸಂಬಳ. ಹೆಂಡತಿಗೆ 38 ವರ್ಷ, ಮನೆಯಲ್ಲೇ ಟಿಫಿನ್ ಮಾಡಿಕೊಟ್ಟು ತಿಂಗಳಿಗೆ 8,000 ರೂ. ಗಳಿಸುತ್ತಾರೆ. ಮಕ್ಕಳಿಬ್ಬರು. ಬಾಲ್ಯದಲ್ಲಿ ಗಂಟಲು ನೋವಿನ ಹಿಂದೆಯೇ ಬಂದ ರುಮ್ಯಾಟಿಕ್ ಜ್ವರದಿಂದ ಆಕೆಯ ಹೃದಯದ ಮೈಟ್ರಲ್ ಕವಾಟ ಕೆಟ್ಟಿದೆ. ಅದು ಈಗ ಉಬ್ಬಸವಾಗಿ ಹೊರಬಿದ್ದಿದೆ. ಕವಾಟ ಬದಲಿಸಬೇಕು ಎಂದಿದ್ದಾರೆ. ಖಾಸಗಿ ಆಸ್ಪತ್ರೆಯ ಎಸ್ಟಿಮೇಟ್ 4,20,000 ರೂ. ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು. ಆದರೆ ಇಂಥ ಮನೆ ನಮ್ಮಲ್ಲಿ ಯಾರಿಗೂ ಅಪರಿಚಿತವಲ್ಲ.

ಎಡಗಡೆಯ ಕಾಲಂ: ವೆಚ್ಚ

ಎಸ್ಟಿಮೇಟ್ ಕೈಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿ.

ಮೊದಲನೆಯದು, ಇದು ಪ್ಯಾಕೇಜೇ, ಬಿಡಿ ಲೆಕ್ಕವೇ? ಪ್ಯಾಕೇಜಾದರೆ ಐ.ಸಿ.ಯು.ನಲ್ಲಿ ಎಷ್ಟು ದಿನ, ವಾರ್ಡಿನಲ್ಲಿ ಎಷ್ಟು ದಿನ ಸೇರಿದೆ, ಹೆಚ್ಚಾದ ಪ್ರತಿ ದಿನಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ.

ಎರಡನೆಯದು, ಕವಾಟದ ಬೆಲೆ ಒಳಗಿದೆಯೇ, ಹೊರಗಿದೆಯೇ? ಲೋಹದ ಕವಾಟ ಬಹುಕಾಲ ಬಾಳುತ್ತದೆ, ಆದರೆ ಜೀವನಪರ್ಯಂತ ರಕ್ತ ತೆಳುವಾಗಿಸುವ ಮಾತ್ರೆ ಬೇಕು. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಆ ಮಾತ್ರೆ ಸಾಮಾನ್ಯವಾಗಿ ಬಹುಕಾಲ ಬೇಕಾಗುವುದಿಲ್ಲ, ಆದರೆ ಕೆಲವು ವರ್ಷಗಳ ನಂತರ ಅದು ಸವೆಯುತ್ತದೆ, ಪ್ರಾಯದವರಲ್ಲಿ ಬೇಗ. ಯಾವುದು ಎಂಬುದನ್ನು ವೈದ್ಯರು ಮತ್ತು ರೋಗಿ ಕುಳಿತು ನಿರ್ಧರಿಸಬೇಕು. ಹಣ ಕೊಡುವ ನಾವು ‘ಅಗ್ಗದ್ದು ಹಾಕಿಸಿ’ ಎನ್ನುವಂತಿಲ್ಲ.

ಮೂರನೆಯದು, ಯಾವ ವಾರ್ಡು? ಬಹಳಷ್ಟು ಖಾಸಗಿ ಆಸ್ಪತ್ರೆಗಳಲ್ಲಿ ಕೋಣೆಯ ದರ್ಜೆ ಏರಿದಂತೆ ಸರ್ಜನ್ ಶುಲ್ಕ, ಪರೀಕ್ಷೆಗಳ ದರ, ಎಲ್ಲವೂ ಏರುತ್ತವೆ. ಶಸ್ತ್ರಚಿಕಿತ್ಸೆ ಅದೇ, ಮಾಡುವವರೂ ಅವರೇ. ಐ.ಸಿ.ಯು. ಬಿಟ್ಟು, ದಿನಕ್ಕೆ 5,000 ರೂ. ಮೀರಿದ ಕೋಣೆಗೆ 2022ರ ಜುಲೈ 18ರಿಂದ ಶೇಕಡಾ 5 ಜಿ.ಎಸ್.ಟಿ. ಕೂಡ ಬಂದಿದೆ. ಜನರಲ್ ವಾರ್ಡಿನ ಎಸ್ಟಿಮೇಟನ್ನು ಬೇರೆಯಾಗಿ ಕೇಳಿ.

ನಾಲ್ಕನೆಯದು, ಇದರಲ್ಲಿ ಏನೇನು ಸೇರಿಲ್ಲ? ಆಂಜಿಯೋಗ್ರಫಿ, ಹಲ್ಲಿನ ತಪಾಸಣೆ, ರಕ್ತ, ಬಿಡುಗಡೆಯ ದಿನದ ಔಷಧಿ ಇವು ಸಾಮಾನ್ಯವಾಗಿ ಹೊರಗುಳಿಯುವ ಬಾಬತ್ತುಗಳು.

ಕವಾಟದ ಬದಲು ಸ್ಟೆಂಟ್ ಹಾಕುವ ಪ್ರಕರಣವಾದರೆ ಇನ್ನೊಂದು ಪ್ರಶ್ನೆ ಸೇರಿಸಿ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಆಗ ಔಷಧ ಲೇಪಿತ ಸ್ಟೆಂಟಿಗೆ 29,600 ರೂ. ಎಂದು ಗೊತ್ತುಪಡಿಸಲಾಯಿತು. ಆ ಮಿತಿ ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ ಪ್ರತ್ಯೇಕ ಸಾಲಿನಲ್ಲಿ ಇರಲೇಬೇಕು.

ಬಲಗಡೆಯ ಕಾಲಂ: ಹಣದ ಮೂಲ

ಇಲ್ಲಿ ಕ್ರಮವೇ ಮುಖ್ಯ. ಸರಕಾರಿ ಯೋಜನೆಗಳು ಹೆಚ್ಚಾಗಿ ಪೂರ್ವಾನುಮತಿ ಪಡೆದು ಮಾಡುವ ನಗದುರಹಿತ ಚಿಕಿತ್ಸೆಗಳು. ಪರಿಹಾರ ನಿಧಿಗಳೂ ಹಣವನ್ನು ನೇರವಾಗಿ ಆಸ್ಪತ್ರೆಗೆ ಕೊಡುತ್ತವೆ. ನೀವು ಮೊದಲೇ ಕೈಯಿಂದ ಕಟ್ಟಿ, ಆಮೇಲೆ ರಶೀದಿ ಹಿಡಿದು ಹೋದರೆ ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಆದ್ದರಿಂದ ಹಣ ಕಟ್ಟುವ ಮೊದಲು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ.

1. ಸಂಬಳದ ಚೀಟಿ ನೋಡಿ. ಅದರಲ್ಲಿ ಇ.ಎಸ್.ಐ. ಕಡಿತ ಇದೆಯೇ? 2017ರ ಜನವರಿಯಿಂದ ತಿಂಗಳ ವೇತನ 21,000 ರೂ.ವರೆಗೆ ಇರುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಪತ್ನಿ, ಮಕ್ಕಳು, ಅವಲಂಬಿತ ತಂದೆತಾಯಿಗೂ ವೈದ್ಯಕೀಯ ಸೌಲಭ್ಯವಿದೆ. ತಿಂಗಳು ತಿಂಗಳು ಹಣ ಕಟ್ಟುತ್ತಿದ್ದೂ ಕಾರ್ಡನ್ನೇ ಮಾಡಿಸದ ಹೋಟೆಲ್ ನೌಕರರು ನಮ್ಮಲ್ಲಿ ಬಹಳ. ನಮ್ಮ ಉದಾಹರಣೆಯವರ ಸಂಬಳ 24,000 ರೂ. ಇರುವುದರಿಂದ ಈ ಮೆಟ್ಟಿಲು ಅವರಿಗಿಲ್ಲ.

2. ಪಡಿತರ ಚೀಟಿ ನೋಡಿ. ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆ ಇದೆ. 2023ರಲ್ಲಿ ಸರಕಾರ ಇದರ ಮಿತಿಯನ್ನು ಒಂದು ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದಿಂದ 5 ಲಕ್ಷ ರೂ.ಗೆ ಏರಿಸಿ, ರಾಜ್ಯದ ಎಲ್ಲ ಪಡಿತರ ಚೀಟಿದಾರರಿಗೂ ವಿಸ್ತರಿಸಲು ತೀರ್ಮಾನಿಸಿತು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ ಎಂಬ ಸಿಬ್ಬಂದಿಯ ಕೌಂಟರ್ ಇರುತ್ತದೆ. ಮೊದಲು ಅಲ್ಲಿಗೇ ಹೋಗಿ.

ಪಡಿತರ ಚೀಟಿ ಊರಿನಲ್ಲೇ ಉಳಿದಿದೆಯೇ? ಹಾಗಾದರೆ ಆಯುಷ್ಮಾನ್ ಭಾರತ್ ಪಟ್ಟಿಯಲ್ಲಿ ಹೆಸರಿದೆಯೇ ಎಂದು 14555 ಸಂಖ್ಯೆಗೆ ಫೋನ್ ಮಾಡಿ ವಿಚಾರಿಸಿ. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಈ ಯೋಜನೆಯ ಫಲಾನುಭವಿಗಳು ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. 70 ದಾಟಿದ ಹಿರಿಯರಿಗೆ 2024ರ ಅಕ್ಟೋಬರಿನಿಂದ ಆದಾಯದ ಮಿತಿಯೇ ಇಲ್ಲ. ಇಲ್ಲಿ ಯಾವುದೂ ಕೂಡಿ ಬರದಿದ್ದರೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಕರ್ನಾಟಕದ ಪಡಿತರ ಚೀಟಿ ಉಪಯೋಗಕ್ಕೆ ಬರುತ್ತದೆ.

3. ಆದಾಯ ಪ್ರಮಾಣಪತ್ರ ಮಾಡಿಸಿ. ಮಹಾರಾಷ್ಟ್ರದಲ್ಲಿ ಧರ್ಮಾದಾಯ ಟ್ರಸ್ಟಿನ ಆಸ್ಪತ್ರೆಗಳು ಶೇಕಡಾ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇಕಡಾ 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ಬಿಲ್ಲಿನ ಶೇಕಡಾ 2ರಷ್ಟು ಹಣವನ್ನು ಬಡ ರೋಗಿಗಳ ನಿಧಿಗೆ ತೆಗೆದಿಡಬೇಕು. 2006ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿದ ವ್ಯವಸ್ಥೆ ಇದು. ವಾರ್ಷಿಕ ಆದಾಯ 1,80,000 ರೂ.ವರೆಗೆ ನಿರ್ಗತಿಕ ವರ್ಗ, 3,60,000 ರೂ.ವರೆಗೆ ದುರ್ಬಲ ವರ್ಗ. ನಮ್ಮ ಕ್ಯಾಶಿಯರ್ ಸಂಬಳ ವರ್ಷಕ್ಕೆ 2,88,000 ರೂ., ಟಿಫಿನ್ ಗಳಿಕೆ 96,000 ರೂ. ಎರಡೂ ಸೇರಿದರೆ 3,84,000 ರೂ. ಆಗಿ ಮಿತಿ ದಾಟುತ್ತದೆ. ಆದರೆ ಕಾಯಿಲೆಯಿಂದ ಟಿಫಿನ್ ನಿಂತಿದ್ದರೆ ಅದನ್ನು ತಹಸೀಲ್ದಾರ್ ಕಚೇರಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಬೇಕು. ಈಗಿನ ನಿಜ ಸ್ಥಿತಿ ದಾಖಲೆಯಾಗಲಿ. ತುರ್ತು ಸ್ಥಿತಿಯ ರೋಗಿಯನ್ನು ಇಂಥ ಆಸ್ಪತ್ರೆ ಕೂಡಲೇ ಸೇರಿಸಿಕೊಂಡು ಜೀವ ಉಳಿಸುವ ಚಿಕಿತ್ಸೆ ಕೊಡಬೇಕು ಎಂಬುದೂ ನೆನಪಿರಲಿ.

4. ರೋಗಿ ಮಗುವಾಗಿದ್ದರೆ ದಾರಿ ಬೇರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರ ಫೆಬ್ರವರಿಯಲ್ಲಿ ನಮ್ಮ ಪಾಲ್ಘರ್‌ನಲ್ಲೇ ಉದ್ಘಾಟನೆಯಾದದ್ದು. ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ತಪಾಸಣೆ ಮಾಡಿ ಹುಟ್ಟಿನಿಂದ ಬಂದ ಹೃದಯದೋಷಕ್ಕೆ ಉಚಿತ ಚಿಕಿತ್ಸೆ ಕೊಡಿಸುತ್ತದೆ. ಖಾರ್ಘರ್‌ನ ಶ್ರೀ ಸತ್ಯಸಾಯಿ ಸಂಜೀವನಿ ಕೇಂದ್ರದಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ಹಣವನ್ನೇ ತೆಗೆದುಕೊಳ್ಳುವುದಿಲ್ಲ.

5. ಇನ್ನೂ ಕೊರತೆ ಇದ್ದರೆ ಪ್ರಧಾನಮಂತ್ರಿ ಮತ್ತು ಮುಖ್ಯಮಂತ್ರಿ ಪರಿಹಾರ ನಿಧಿ, ಪಿ.ಎಫ್. ಮುಂಗಡ, ದೊಡ್ಡ ಟ್ರಸ್ಟುಗಳು. ಮೂಲ ಎಸ್ಟಿಮೇಟ್, ಆದಾಯ ಮತ್ತು ವಾಸದ ಪುರಾವೆ, ಫೋಟೋ ಸಿದ್ಧವಿರಲಿ.

ಇಷ್ಟೆಲ್ಲ ಆದ ಮೇಲೆ ಕೊನೆಯ ಮೆಟ್ಟಿಲು ನಮ್ಮ ಸಂಘ.

ಕ್ಯೂ ಇರುತ್ತದೆಯಲ್ಲ ಎಂದು ಕೇಳುವಿರಿ. ಇರುತ್ತದೆ. ಅದಕ್ಕಾಗಿಯೇ ಮೊದಲ ದಿನವೇ ವೈದ್ಯರನ್ನು ಕೇಳಬೇಕು: ‘ಎಷ್ಟು ದಿನ ಕಾಯಬಹುದು?’ ಕಾಯಬಾರದು ಎಂದರೆ ಯಾವ ಲೆಕ್ಕವೂ ಅಡ್ಡ ಬರಬಾರದು. ತಿಂಗಳು ಕಾಯಬಹುದು ಎಂದರೆ ಆ ತಿಂಗಳು ಕಾಗದಪತ್ರಕ್ಕೆ ಸಾಕು.

ಎರಡು ದಾರಿ, ಎರಡು ಲೆಕ್ಕ

ಮೊದಲ ದಾರಿ: ಖಾಸಗಿ ಆಸ್ಪತ್ರೆಗೆ ನೇರವಾಗಿ 4,20,000 ರೂ. ಉಳಿತಾಯ 40,000, ಬಳೆಯ ಮೇಲೆ ಸಾಲ 80,000, ಮಾಲೀಕರ ಮುಂಗಡ 30,000, ಒಟ್ಟು 1,50,000. ಕೊರತೆ 2,70,000. ನಾವು ಅಷ್ಟನ್ನೂ ಸಂಗ್ರಹಿಸಿ ಕೊಟ್ಟೆವು ಎಂದೇ ಇಟ್ಟುಕೊಳ್ಳಿ. ಆದರೂ ಮನೆಗೆ ಬರುವಾಗ ಆ ಕುಟುಂಬದ ತಲೆಯ ಮೇಲೆ 1,10,000 ರೂ. ಸಾಲವಿರುತ್ತದೆ, ಕೈ ಖಾಲಿ.

ಎರಡನೆಯ ದಾರಿ: ಯೋಜನೆಯ ಆಸ್ಪತ್ರೆ, ನಗದುರಹಿತ ಶಸ್ತ್ರಚಿಕಿತ್ಸೆ. ಹಾಗೆಂದು ಖರ್ಚೇ ಇಲ್ಲವೆಂದಲ್ಲ. ಗಂಡನ ಒಂದು ತಿಂಗಳ ಸಂಬಳವಿಲ್ಲದ ರಜೆ 24,000. ಹೆಂಡತಿಯ ಮೂರು ತಿಂಗಳ ಗಳಿಕೆ ನಷ್ಟ 24,000. ಓಡಾಟ, ಊಟ 10,000. ಒಂದು ವರ್ಷದ ಮಾತ್ರೆ ಮತ್ತು ರಕ್ತಪರೀಕ್ಷೆ ತಿಂಗಳಿಗೆ 1,500ರಂತೆ 18,000. ಒಟ್ಟು 76,000. ಉಳಿತಾಯ 40,000 ಕಳೆದರೆ ಕೊರತೆ 36,000 ರೂ. ಬಳೆ ಕೈಯಲ್ಲೇ ಉಳಿಯಿತು. ಮೊದಲ ದಾರಿಯಲ್ಲಿ ಒಂದು ಮನೆಗೆ ಕೊಟ್ಟ ಹಣದಲ್ಲಿ ಈ ದಾರಿಯ ಏಳು ಮನೆಗಳ ಜೊತೆ ನಿಲ್ಲಬಹುದು.

ಎಸ್ಟಿಮೇಟಿನಲ್ಲಿ ಬರೆಯದ ಸಾಲು

ಮೇಲಿನ 18,000 ರೂ. ಯಾವ ಎಸ್ಟಿಮೇಟಿನಲ್ಲೂ ಕಾಣುವುದಿಲ್ಲ. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದ ಅವಧಿಗೊಮ್ಮೆ ಮಾಡಿಸಿ ಮಾತ್ರೆಯ ಪ್ರಮಾಣ ಸರಿಪಡಿಸಿಕೊಳ್ಳಬೇಕು. ಕಡಿಮೆಯಾದರೆ ಕವಾಟದಲ್ಲೇ ಹೆಪ್ಪುಗಟ್ಟಿ ಪಾರ್ಶ್ವವಾಯು ಬರಬಹುದು, ಹೆಚ್ಚಾದರೆ ರಕ್ತಸ್ರಾವ. ರುಮ್ಯಾಟಿಕ್ ಕಾಯಿಲೆಯ ಹಲವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕು. ಶಸ್ತ್ರಚಿಕಿತ್ಸೆಗೆ ಊರೆಲ್ಲ ಸೇರಿ ಲಕ್ಷ ಕೂಡಿಸುತ್ತದೆ. ಆರು ತಿಂಗಳ ನಂತರ ‘ಈಗ ಚೆನ್ನಾಗಿದ್ದೇನಲ್ಲ’ ಎಂದುಕೊಂಡು, ಮಕ್ಕಳ ಫೀಸಿಗಾಗಿ ಆ ತಾಯಿ ಮಾತ್ರೆ ನಿಲ್ಲಿಸಿದಾಗ ಕೇಳುವವರು ಯಾರೂ ಇರುವುದಿಲ್ಲ. ನಮ್ಮಂಥ ಸಂಘ ನಿಲ್ಲಬೇಕಾದ ಜಾಗ ಅದು. ದೊಡ್ಡ ಮೊತ್ತಕ್ಕೆ ಸರಕಾರವಿದೆ. ತಿಂಗಳ 1,500 ರೂ.ಗೆ ನೆರೆಹೊರೆಯವರೇ ಬೇಕು.

ದಾನಿಗಳಿಗೆ ಎರಡು ಮಾತು

ಹಣವನ್ನು ಚೆಕ್ ಅಥವಾ ಆನ್‌ಲೈನ್ ಮೂಲಕವೇ ಕೊಡಿ. 2,000 ರೂ. ಮೀರಿದ ನಗದು ದಾನಕ್ಕೆ 80ಜಿ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿಯೇ ಇಲ್ಲ. ಆಸ್ಪತ್ರೆಯೂ 2017ರ ಏಪ್ರಿಲ್‌ನಿಂದ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಚಿಕಿತ್ಸೆಯ ಹಣ ಆಸ್ಪತ್ರೆಯ ಹೆಸರಿಗೇ ಹೋಗಲಿ. ನಂತರದ ಔಷಧಿಯ ಹಣ ತಿಂಗಳ ಕಂತಾಗಿ, ಬಿಲ್ ನೋಡಿ ಹೋಗಲಿ.

ಹಣಕ್ಕಿಂತ ಅಪರೂಪವಾದದ್ದು ಜೊತೆಗೆ ಬರುವ ಜನ. ತಹಸೀಲ್ದಾರ್ ಕಚೇರಿ, ಆರೋಗ್ಯಮಿತ್ರರ ಕೌಂಟರ್, ಆಸ್ಪತ್ರೆಯ ಸೋಶಿಯಲ್ ವರ್ಕರ್ ಇವರ ಮುಂದೆ ಮರಾಠಿಯಲ್ಲಿ ಮಾತಾಡಿ, ಫಾರಂ ತುಂಬಿಸಿ, ನಾಳೆ ಮತ್ತೆ ಬರುವ ತಾಳ್ಮೆ ಇರುವವರು ಬೇಕು. ನಿವೃತ್ತರಾದ ನಮಗೆ ಬೆಳಗಿನ ಹೊತ್ತು ಬಿಡುವಿದೆ. ವಾರಕ್ಕೆ ಒಂದು ಬೆಳಗ್ಗೆ ಕೊಡಬಲ್ಲವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿ.

ಇನ್ನು ಪ್ರತಿಯೊಬ್ಬ ಓದುಗರಿಗೂ ಈ ವಾರದ ಮನೆಗೆಲಸ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಹೋಟೆಲಿನಲ್ಲಿ ದುಡಿಯುವ ಒಬ್ಬರನ್ನು ಕರೆದು ಮೂರು ಕಾಗದ ಇದೆಯೇ ಎಂದು ಕೇಳಿ: ಹೆಸರು ಸರಿಯಾಗಿರುವ ಪಡಿತರ ಚೀಟಿ, ಆಧಾರ್, ಇ.ಎಸ್.ಐ. ಅಥವಾ ಆಯುಷ್ಮಾನ್ ಕಾರ್ಡ್. ಇಲ್ಲದಿದ್ದರೆ ಆರೋಗ್ಯವಾಗಿರುವಾಗಲೇ ಮಾಡಿಸಿಕೊಡಿ.