ನೇತ್ರಾಣಿಗೆ ಒಂದು ದಿನದ ದೋಣಿಯಾನ

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಪಡುವಣಕ್ಕೆ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ಎಂಬ ಕಲ್ಲುದ್ವೀಪವಿದೆ. ಅದಕ್ಕೆ ಪಾರಿವಾಳ ಗುಡ್ಡವೆಂದೂ ಹೆಸರುಂಟು. ಅದರ ಸುತ್ತಣ ನೀರಿನಲ್ಲಿ ಹವಳಗಳು ಬೆಳೆದಿವೆ. ಮೀನುಗಾರಿಕೆಯಿಂದ ಬದುಕಿದ ನಮ್ಮ ಮನೆಯ ಹಿರಿಯರಿಗೆ ಹವಳವೆಂದರೆ ಬಲೆ ಹರಿಯುವ ಕಲ್ಲು. ಅದು ಸುಣ್ಣದ ಗೂಡು ಕಟ್ಟಿಕೊಂಡು ಬಾಳುವ ಸಣ್ಣ ಪ್ರಾಣಿಗಳ ಊರೆಂದು ನಾನು ಹೇಳಿದರೆ ಈಗಲೂ ನಗುತ್ತಾರೆ.

ಹೋಗಬೇಕೆನ್ನುವವರು ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಕೆರಳಿರುತ್ತದೆ; ಹೊಳೆಗಳ ಕೆಸರು ಸೇರಿ ನೀರೂ ಕದಡಿರುತ್ತದೆ. ಡಿಸೆಂಬರ್, ಜನವರಿ ಉತ್ತಮ. ಮಧ್ಯಾಹ್ನದ ವೇಳೆಗೆ ಕಡಲಗಾಳಿ ಬಲಿಯುವುದರಿಂದ ಬೆಳಿಗ್ಗೆಯೇ ಹೊರಡುವುದು ಜಾಣತನ. ಹಗುರವಾಗಿ ಉಣ್ಣಬೇಕು, ಬರಿಹೊಟ್ಟೆಯೂ ವಾಂತಿ ತರಿಸುತ್ತದೆ.

ನೀರಿನ ಮೇಲೆ ಬೋರಲಾಗಿ ತೇಲುತ್ತ, ಬಾಯಲ್ಲಿ ಕೊಳವೆಯಿಟ್ಟುಕೊಂಡು ಉಸಿರಾಡುತ್ತ, ತಳವನ್ನು ನೋಡುವುದಕ್ಕೆ ಸ್ನಾರ್ಕೆಲಿಂಗ್ ಎನ್ನುತ್ತಾರೆ. ಕೊಳವೆಯನ್ನು ಉದ್ದ ಮಾಡಿದರೆ ಇನ್ನೂ ಆಳಕ್ಕೆ ಹೋಗಬಹುದಲ್ಲ ಎಂದು ಗೆಳೆಯರು ಕೇಳುವುದುಂಟು. ಒಂದು ಮೀಟರು ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನೀರು ಸುಮಾರು 100 ಗ್ರಾಂ ಭಾರ ಹೇರುತ್ತದೆ. ಎದೆಯ ವಿಸ್ತಾರ 1000 ಚದರ ಸೆಂಟಿಮೀಟರೆಂದರೆ, ಒಂದು ಕ್ವಿಂಟಲ್ ಅಕ್ಕಿಮೂಟೆಯನ್ನು ಎದೆಯ ಮೇಲಿಟ್ಟು ಉಸಿರೆಳೆದಂತೆ! ಅದೂ ಅಲ್ಲದೆ, ಉದ್ದ ಕೊಳವೆಯಲ್ಲಿ ಬಿಟ್ಟ ಉಸಿರೇ ಉಳಿದು ಮತ್ತೆ ಒಳಗೆ ಬರುತ್ತದೆ. ಆದ್ದರಿಂದಲೇ ಕೊಳವೆ ಮೊಳಕ್ಕಿಂತ ಗಿಡ್ಡ. ಕನ್ನಡಕದೊಳಗಿನ ಗಾಳಿಯ ದೆಸೆಯಿಂದ ನಾಲ್ಕು ಅಡಿ ದೂರದ ಮೀನು ಮೂರೇ ಅಡಿಯಲ್ಲಿರುವಂತೆ ತೋರುತ್ತದೆ. ಕೈಚಾಚಿ ತಪ್ಪುವವರು ಬಹಳ.

ಈಜು ಬಲ್ಲವರೂ ಲೈಫ್ ಜಾಕೆಟ್ ತೊಡಲಿ. ಹೊಳೆಯ ಈಜು ಬೇರೆ, ಸೆಳೆತವಿರುವ ಕಡಲು ಬೇರೆ. ಜೊತೆಗಾರನನ್ನು ಬಿಟ್ಟು ದೂರ ಹೋಗಬಾರದು. ಬೆನ್ನು ಬಿಸಿಲಿಗೆ ಸುಡದಂತೆ ಹಳೆಯ ತುಂಬುತೋಳಿನ ಅಂಗಿ ಸಾಕು, ಹೊಸದು ಕೊಳ್ಳುವ ಖರ್ಚು ಬೇಡ. ಹವಳದ ಮೇಲೆ ಕಾಲೂರಬಾರದು: ಒಂದು ಅಂಗುಲ ಬೆಳೆಯಲು ಅದಕ್ಕೆ ವರ್ಷಗಳೇ ಹಿಡಿಯಬಹುದು. ಮುರಿದು ತರುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ದೋಣಿಯವರಿಗೆ ಹಣ ಕೊಡುವ ಮೊದಲೇ ಒಂದು ಮಾತು ಕೇಳಿಡಿ: ಗಾಳಿ ಎದ್ದು ಯಾನ ನಿಂತರೆ ಹಣ ಹಿಂದಿರುಗುವುದೋ, ಬೇರೆ ದಿನ ಕರೆದೊಯ್ಯುವರೋ? ಹಣ ಹೋಗುವುದೆಂಬ ಸಂಕಟದಿಂದಲೇ ವಿದ್ಯಾರ್ಥಿಗಳು ಹೊರಡಲು ಹಟಹಿಡಿಯುವುದು. ತಾಂಡೇಲನು ಇಂದು ಬೇಡವೆಂದರೆ ಚೀಲ ಎತ್ತಿಕೊಂಡು ರೈಲ್ವೆ ನಿಲ್ದಾಣಕ್ಕೆ ನಡೆಯಿರಿ.