ವಾರಸುದಾರರಿಲ್ಲದ ಠೇವಣಿ: ಹುಡುಕಿ, ಗುಟ್ಟು ಬಿಟ್ಟುಕೊಡಬೇಡಿ

ಕೋಡಿಂಬಾಳದ ಮನೆಯ ಕಪಾಟಿನಲ್ಲಿ ತೀರಿಕೊಂಡ ಅಜ್ಜನ ಪಾಸ್‌ಬುಕ್ ಸಿಕ್ಕಿದೆಯೇ? ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗಿರುತ್ತದೆ. ಹಣ ಹೋದರೂ ವಾರಸುದಾರರ ಹಕ್ಕು ಹೋಗದು. ಆದರೆ ಹುಡುಕುವ ಅವಸರದಲ್ಲಿ ಮನೆಯವರ ದಾಖಲೆಗಳು ಕಂಡವರ ಕೈ ಸೇರಬಾರದು.

ಮೊದಲು ಬ್ಯಾಂಕ್ ಈಗ ಯಾವುದೆಂದು ತಿಳಿದುಕೊಳ್ಳಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಸೇರಿದವು.

ಬಳಿಕ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಉದ್ಗಮ್’ ಪೋರ್ಟಲ್‌ಗೆ ಹೋಗಿ. ವಾಟ್ಸ್ಯಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ವಿಳಾಸವನ್ನು ನೀವೇ ಟೈಪ್ ಮಾಡಿ: ಉದ್ಗಮ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್. ಮೊಬೈಲ್ ಸಂಖ್ಯೆ ಕೊಟ್ಟು ನೋಂದಾಯಿಸಿಕೊಂಡು, ಖಾತೆದಾರರ ಹೆಸರು, ಬ್ಯಾಂಕ್, ಜತೆಗೆ ಜನ್ಮದಿನಾಂಕ, ಪಾನ್, ಮತದಾರರ ಗುರುತಿನ ಚೀಟಿಯಂಥ ಒಂದು ವಿವರ ತುಂಬಿಸಿ. ಒಂದು ಸಾಕಾದಲ್ಲಿ ಎಲ್ಲವನ್ನೂ ತುಂಬಿಸಬೇಡಿ. ವಿಳಾಸದಿಂದ ಹುಡುಕುವುದಾದರೆ, ಕೋಡಿಂಬಾಳ ಈಗ ಕಡಬ ತಾಲೂಕಿನಲ್ಲಿದ್ದರೂ ಹಳೆಯ ದಾಖಲೆಯಲ್ಲಿ ಪುತ್ತೂರು ತಾಲೂಕು ಎಂದೇ ಇರಬಹುದೆಂಬುದು ನೆನಪಿರಲಿ.

ಹೆಸರು ಸಿಕ್ಕರೆ ಅದರೊಡನೆ ಯುಡಿಆರ್‌ಎನ್ ಎಂಬ ಸಂಖ್ಯೆ ಕಾಣುತ್ತದೆ. ಖಾತೆ ಸಂಖ್ಯೆ, ಶಾಖೆ, ಮೊತ್ತ ಕಾಣುವುದಿಲ್ಲ. ಇದು ವ್ಯವಸ್ಥೆಯ ಕೊರತೆಯಲ್ಲ. ಹೊರಗಿನವರು ಯಾರ ಖಾತೆ, ಯಾವ ಶಾಖೆಯದು ಎಂದು ಪತ್ತೆ ಹಚ್ಚಬಾರದೆಂದೇ ಆ ಸಂಖ್ಯೆಯನ್ನು ಹಾಗೆ ರೂಪಿಸಿದ್ದಾರೆ. ಬ್ಯಾಂಕುಗಳ ಜಾಲತಾಣದ ಪಟ್ಟಿಯಲ್ಲೂ ಹೆಸರು, ಪಿನ್‌ಕೋಡ್ ಇಲ್ಲದ ವಿಳಾಸ, ಯುಡಿಆರ್‌ಎನ್ ಮಾತ್ರ. ಹಾಗಾಗಿ ‘ನಿಮ್ಮ ಅಜ್ಜನ ಖಾತೆಯಲ್ಲಿ ಇಷ್ಟು ಲಕ್ಷ ಇದೆ, ಪಾಸ್‌ಬುಕ್ಕಿನ ಫೋಟೊ ಕಳಿಸಿ’ ಎಂದು ಫೋನ್ ಬಂದರೆ ಇಟ್ಟುಬಿಡಿ. ಅವರಿಗೆ ಗೊತ್ತಿಲ್ಲದ್ದನ್ನು ನಿಮ್ಮಿಂದಲೇ ತಿಳಿಯುವ ಹುನ್ನಾರವದು.

ನನಗೆ ಹೆಚ್ಚು ಆತಂಕವಿರುವುದು ಕ್ಲೇಮಿಗೆ ದಾಖಲೆಗಳ ಪ್ರತಿ ತೆಗೆಸುವ ಜೆರಾಕ್ಸ್ ಅಂಗಡಿಯ ಬಗ್ಗೆ. ಪ್ರಿಂಟ್‌ಗೆಂದು ವಾಟ್ಸ್ಯಾಪ್ ಮಾಡಿದ ಆಧಾರ್ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್‌ನಲ್ಲೇ ಉಳಿದಿರಬಹುದು. ಪ್ರಿಂಟ್ ಕೈಗೆ ಬಂದ ಮೇಲೆ ನಿಂತು, ಎದುರಿಗೇ ಅಳಿಸಿಸಿ, ರಿಸೈಕಲ್ ಬಿನ್‌ನಿಂದಲೂ. ಹಾಳಾದ ಪ್ರತಿಯನ್ನೂ ಕೇಳಿ ಪಡೆಯಿರಿ. ಸಾಧ್ಯವಿದ್ದಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ. ಪ್ರತಿಯ ಮೇಲೆ ‘ಠೇವಣಿ ಕ್ಲೇಮಿಗೆ ಮಾತ್ರ’ ಎಂದು ಬರೆದು, ದಿನಾಂಕ ಹಾಕಿ, ಅಕ್ಷರಗಳ ಮೇಲೇ ಹಾದುಹೋಗುವಂತೆ ಸಹಿ ಮಾಡಿ.

ಯುಡಿಆರ್‌ಎನ್, ಮರಣ ಪ್ರಮಾಣಪತ್ರ, ಗುರುತಿನ ದಾಖಲೆ ಹಿಡಿದು ಬ್ಯಾಂಕಿಗೆ ನೀವೇ ಹೋಗಿ. ನಾಮಿನಿ ಇಲ್ಲದಿದ್ದರೆ ಮತ್ತೇನು ಬೇಕೆಂದು ಅಲ್ಲೇ ಕೇಳಿ. ಹಣವನ್ನು ಬ್ಯಾಂಕೇ ಕೊಡುತ್ತದೆ, ಬಳಿಕ ನಿಧಿಯಿಂದ ಪಡೆದುಕೊಳ್ಳುತ್ತದೆ. ನಡುವೆ ಕಮಿಷನ್ ಕೇಳುವವರ ಅಗತ್ಯವಿಲ್ಲ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ. ವಂಚಕರಿಗೆ ಒಟಿಪಿ ಹೇಳಿಬಿಟ್ಟು ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.